ಪಾಳಿ ತಪ್ಪಿಸುವ ಕುರ್ಚಿ

ಮೊದಲಿಗೆ ಒಂದು ಸಂಗತಿಯನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ನನಗೆ ಪ್ರಬಂಧ ಬರೆದು ರೂಢಿಯಿಲ್ಲ. ಧಾರವಾಡದ ಒಂದು ಸರ್ಕಾರಿ ಕಚೇರಿಗೆ ಗುಮಾಸ್ತೆಯಾಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದ ನಾನು ಸೇವಾವಧಿಯುದ್ದಕ್ಕೂ ಬರೆದದ್ದೆಲ್ಲ ಬೇರೆಯವರ ಸಹಿಗಾಗಿ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಆರಂಭಿಸದಿದ್ದರೆ ನನ್ನ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಒಮ್ಮೆ ತವರಿಗೆ ಬರೆದ ಕಾಗದದಲ್ಲಿ, ಕಳುಹಿಸಿದ ಹಪ್ಪಳಗಳು ಸುಸ್ಥಿತಿಯಲ್ಲಿ ತಲುಪಿರುವುದನ್ನು ತಿಳಿಸಿ, ಉಪ್ಪು ತುಸು ಹೆಚ್ಚಾಗಿರುವ ವಿಷಯವನ್ನು 'ಮುಂದಿನ ಸೂಕ್ತ ಕ್ರಮಕ್ಕಾಗಿ' ಎಂದು ನಮೂದಿಸಿ, ಅಣ್ಣನ ಹೆಂಡತಿಯ ಮುನಿಸಿಗೆ ಪಾತ್ರಳಾಗಿದ್ದೆ. ಆ ನಂತರ ಹಪ್ಪಳ ಬರುವುದೇ ನಿಂತಿತು. ಆದುದರಿಂದ ಈ ಬರಹದಲ್ಲಿ ಶೈಲಿಯ ದೋಷಗಳೇನಾದರೂ ಕಂಡುಬಂದಲ್ಲಿ ತಾವು ದಯವಿಟ್ಟು ಮನ್ನಿಸಬೇಕು. ಹಪ್ಪಳವನ್ನಂತೂ ಈಗ ನಾನೇ ಮಾಡಿಕೊಳ್ಳುತ್ತೇನೆ.

ಮೇಲ್ಕಂಡ ವಿಷಯವಾದರೂ ಏನು ಎಂದರೆ, ಮೋಜಿಗೆ ಹೋಗುವ ಸಿದ್ಧತೆ. ಅಮೆರಿಕದಲ್ಲಿ ಸಂತೋಷಪಡುವುದಕ್ಕೆ ಎಷ್ಟೊಂದು ಪೂರ್ವತಯಾರಿ ಬೇಕು ಎಂಬುದು ಇಲ್ಲಿಗೆ ಬರುವ ತನಕ ನನಗೆ ಮನವರಿಕೆಯಾಗಿರಲಿಲ್ಲ. ನಾನು ಸದ್ಯ ವಾಸವಿರುವುದು ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯಲ್ಲಿ, ಮಗಳು ವಿದ್ಯಾಳ ಮನೆಯಲ್ಲಿ. ಅಳಿಯ ಸುಧೀರ್ ಮೈಸೂರಿನವರು, ತೈಲ ಕಂಪನಿಯೊಂದರಲ್ಲಿ ಇಂಜಿನಿಯರು. ಬೆಳಿಗ್ಗೆ ಸಂಜೆ ಐ-ಟೆನ್ ಹೆದ್ದಾರಿಯಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಆಯುಷ್ಯದ ಒಂದು ಪಾಲನ್ನು ಕಳೆಯುವವರು. ಮೊಮ್ಮಗಳು ಅನಿಕಾ ನಾಲ್ಕನೆಯ ತರಗತಿ. ಅವಳಿಗೆ ನನ್ನ ಕನ್ನಡವೆಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನಮ್ಮ ಕಚೇರಿ ಮತ್ತು ದೆಹಲಿಯ ನಡುವೆ ಇದ್ದ ವ್ಯವಸ್ಥೆಯೂ ಹೆಚ್ಚುಕಡಿಮೆ ಇದೇ ಆಗಿದ್ದುದರಿಂದ ನನಗೇನೂ ಹೊಸದೆನಿಸಲಿಲ್ಲ. ಮಗ ಗಿರೀಶ ಆಸ್ಟಿನ್‌ನಲ್ಲಿ ಹೆಂಡತಿಯೊಂದಿಗಿದ್ದಾನೆ. ಅವನ ಕಚೇರಿ ಇರುವ ದ ಡೊಮೇನ್ ಎಂಬ ಸ್ಥಳದಲ್ಲಿ ಕೆಳಗೆಲ್ಲ ಅಂಗಡಿಗಳು, ಮೇಲೆಲ್ಲ ಕಚೇರಿಗಳು. ಸಂಬಳ ಮೇಲಿನಿಂದ ಕೆಳಕ್ಕೆ ಇಳಿಯಲು ಲಿಫ್ಟ್ ಕೂಡ ಇದೆ.

ಇವರೆಲ್ಲ ಸೇರಿ ವಸಂತದ ರಜೆಯಲ್ಲಿ, ಅಂದರೆ ಇಲ್ಲಿಯವರು ಸ್ಪ್ರಿಂಗ್ ಬ್ರೇಕ್ ಎನ್ನುವ ವಾರದಲ್ಲಿ, ಫ್ಲೋರಿಡಾದ ಒಂದು ದೊಡ್ಡ ಮನರಂಜನಾ ಉದ್ಯಾನಕ್ಕೆ ಹೋಗುವುದೆಂದು ತೀರ್ಮಾನಿಸಿದರು. ಉದ್ಯಾನವೆಂದರೆ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ನಾಲ್ಕು ಜೋಕಾಲಿಗಳಿರುವ ಸ್ಥಳವನ್ನು ತಾವು ಕಲ್ಪಿಸಿಕೊಳ್ಳಬಾರದು. ಅದು ಒಂದು ತಾಲ್ಲೂಕಿನಷ್ಟು ವಿಸ್ತಾರವಾಗಿದೆಯಂತೆ. ಹೋಟೆಲು, ಕೆರೆ, ದೋಣಿ, ಬಸ್ಸು, ರಾಜಕುಮಾರಿಯರು, ರಾಕ್ಷಸರು ಎಲ್ಲರೂ ಒಂದೇ ಕಂಪೌಂಡಿನೊಳಗೆ. ಅಲ್ಲಿ ವೇಷ ತೊಟ್ಟ ಗೊಂಬೆಯ ಪಕ್ಕದಲ್ಲಿ ಕುಳಿತು ಉಪಾಹಾರ ಸೇವಿಸಬೇಕಾದರೆ ಅರ್ಧ ವರ್ಷ ಮೊದಲೇ ಜಾಗ ಕಾದಿರಿಸಬೇಕು. ನಮ್ಮಲ್ಲಿ ಮದುವೆಗೆ ಕಲ್ಯಾಣ ಮಂಟಪ ಹಿಡಿಯುವುದಕ್ಕೂ ಇಷ್ಟು ಮುಂಚೆ ಯಾರೂ ಓಡಾಡುವುದಿಲ್ಲ. ಹುಡುಗ ಹುಡುಗಿ ಒಪ್ಪಬೇಕಲ್ಲ. ಗೊಂಬೆಗೆ ಆ ತಾಪತ್ರಯವಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಫೋನನ್ನು ಮಲಗಿಸಿ, ಆಸ್ಟಿನ್ ಮತ್ತು ಕೇಟಿಯ ನಡುವೆ ಸಭೆ ನಡೆಯತೊಡಗಿತು. ನಾನು ದೋಸೆ ಹಾಕುತ್ತ ಕೇಳುತ್ತಿದ್ದೆ. ಸಭೆಯ ಚರ್ಚೆ ಎಲ್ಲಿ ಆರಂಭವಾದರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ಒಂದೇ ಅಂಶದ ಮೇಲೆ: ಪಾಳಿ, ಅಳಿಯನವರ ಮಾತಿನಲ್ಲಿ ಕ್ಯೂ. ಯಾವ ರಾಟವಾಳಕ್ಕೆ ಎಷ್ಟು ಉದ್ದದ ಪಾಳಿ, ಯಾವ ಬಾಗಿಲಿನಿಂದ ಹೊಕ್ಕರೆ ಕಡಿಮೆ, ಮಳೆ ಬಂದರೆ ಜನ ಚದುರುತ್ತಾರೋ ಇಲ್ಲವೋ. ಸುಧೀರ್ ನಿಟ್ಟುಸಿರು ಬಿಟ್ಟು ನನಗೆ ವಿವರಿಸಿದರು.

"ಸ್ಪ್ರಿಂಗ್ ಬ್ರೇಕಲ್ಲಿ ತುಂಬಾ ರಶ್ ಇರುತ್ತೆ ಅತ್ತೆ. ಒಂದೊಂದು ರೈಡ್‌ಗೂ ಗಂಟೆಗಟ್ಟಲೆ ನಿಲ್ಬೇಕು. ಮೂರು ನಿಮಿಷ ಕೂತ್ಕೊಳ್ಳೋಕೆ."

ಪಾಳಿಯ ವಿಷಯದಲ್ಲಿ ಮಾತನಾಡಲು ನನಗೆ ಸ್ವಲ್ಪ ಅಧಿಕಾರವಿದೆ ಎಂದು ಭಾವಿಸುತ್ತೇನೆ. ಚಿಕ್ಕವಳಿದ್ದಾಗ ಸೀಮೆಎಣ್ಣೆಯ ಪಾಳಿಯಲ್ಲಿ ನಿಂತಿದ್ದೇನೆ, ದೊಡ್ಡವಳಾದ ಮೇಲೆ ಪಾಳಿಯ ಇನ್ನೊಂದು ತುದಿಯಲ್ಲಿ ಕಿಟಕಿಯ ಒಳಗೆ ಕುಳಿತಿದ್ದೇನೆ. ಸೀಮೆಎಣ್ಣೆಯ ಪಾಳಿಯಲ್ಲಿ ಜನಕ್ಕಿಂತ ವಸ್ತುಗಳೇ ಹೆಚ್ಚು ಹೊತ್ತು ನಿಲ್ಲುತ್ತಿದ್ದವು. ಬಿಸಿಲು ಏರಿದಂತೆ ಒಬ್ಬೊಬ್ಬರೂ ತಮ್ಮ ಡಬ್ಬಿ, ಚೀಲ, ಇಲ್ಲವೇ ಕಾಲಿನ ಚಪ್ಪಲಿಯನ್ನು ತಮ್ಮ ಜಾಗದಲ್ಲಿ ಬಿಟ್ಟು ಬೇವಿನ ಮರದ ನೆರಳಿಗೆ ಸರಿಯುತ್ತಿದ್ದರು. ಅಂಗಡಿಯ ಮುಂದೆ ಒಂದರ ಹಿಂದೆ ಒಂದು ಚಪ್ಪಲಿಗಳು ಶಿಸ್ತಾಗಿ ಕಾಯುತ್ತಿದ್ದವು. ಆ ಚಪ್ಪಲಿಯನ್ನು ದಾಟಿ ಮುಂದೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಮಾಲೀಕರಿಗಿಂತ ಅವುಗಳಿಗೇ ಹೆಚ್ಚು ಮರ್ಯಾದೆ. ಕಿಟಕಿಯ ಒಳಗೆ ಕುಳಿತ ಮೇಲೆ ಪಾಳಿ ತಪ್ಪಿಸುವ ವಿಧಾನಗಳನ್ನೂ ಅಭ್ಯಸಿಸಿದೆ. ತುರ್ತು ಇದೆ ಎನ್ನುವವರು, ಸಾಹೇಬರ ಊರಿನವರು, ಬಸ್ಸು ತಪ್ಪುತ್ತದೆ ಎನ್ನುವವರು, ಕೈಗೂಸನ್ನು ಚಿವುಟಿ ಅಳಿಸುವವರು. ಮುಪ್ಪಿನವರನ್ನು ಮುಂದಿಟ್ಟುಕೊಂಡು ಬರುವವರೂ ಇದ್ದರು. ಅಜ್ಜಿಯೊಬ್ಬಳನ್ನು ಬಾಗಿಲಿನಲ್ಲಿ ಕಂಡರೆ ಅವಳ ಬೆನ್ನ ಹಿಂದೆ ಎಷ್ಟು ಜನರ ಅರ್ಜಿಗಳಿವೆ ಎಂದು ನಾನು ಇಣುಕಿ ನೋಡುತ್ತಿದ್ದೆ. ಈ ಅನುಭವವು ಸ್ವಂತ ಮನೆಯಲ್ಲಿ ಮಾತ್ರ ನನ್ನ ನೆರವಿಗೆ ಬರಲಿಲ್ಲ.

ನಾನೂ ಪ್ರವಾಸಕ್ಕೆ ಬರಬೇಕೆಂಬ ಪ್ರಸ್ತಾವನೆ ಮೊದಲ ಸಭೆಯಲ್ಲಿಯೇ ಮಂಡನೆಯಾಯಿತು. ಎರಡು ಬಾರಿ ಬೇಡವೆಂದು ಮೂರನೆಯ ಬಾರಿ ಒಪ್ಪಿಕೊಳ್ಳುವುದು ನಮ್ಮ ಕಡೆಯ ಶಿಷ್ಟಾಚಾರ. ಅದರಂತೆ, ನನಗೇಕೆ ಅದೆಲ್ಲ, ನೀವು ಚಿಕ್ಕವರು ಹೋಗಿಬನ್ನಿ, ನಾನು ಮನೆ ಕಾಯುತ್ತೇನೆ ಎಂದೆ. ಎರಡನೆಯ ಸಲ ಬೇಡವೆನ್ನಲು ಆಸ್ಪದವನ್ನೇ ಕೊಡದೆ ಫೋನಿನೊಳಗಿನಿಂದ ಗಿರೀಶ ಹೇಳಿದ:

"ಅವ್ವಾ, ನೀ ಬರಲಿಲ್ಲಂದ್ರ ನಾವ್ಯಾರೂ ಹೋಗೂದಿಲ್ಲ ನೋಡು."

ದೋಸೆ ಹೊತ್ತಿತು. ನನ್ನ ಮಗ ಹೀಗೆ ಮಾತನಾಡುವವನಲ್ಲ. ಹುಟ್ಟುಹಬ್ಬಕ್ಕೆ ಫೋನು ಮಾಡಿದರೆ, ಆರಾಮ ಇದ್ದೀಯಾ, ಆರಾಮ ಇದ್ದೇನೆ ಎಂಬಷ್ಟಕ್ಕೆ ಮುಕ್ತಾಯ. ಅಂಥವನಿಂದ ಇಂಥ ಮಾತು ಬಂದಾಗ ಹೊತ್ತಿದ ದೋಸೆಯನ್ನು ನಾನೇ ತಿಂದೆ, ರುಚಿಯಾಗಿಯೇ ಇತ್ತು. ಅದಾದ ಎರಡು ದಿನಕ್ಕೆ ವಿದ್ಯಾ ಬಟ್ಟೆ ಮಡಿಸುತ್ತ, ಬಹಳ ಸಹಜವೆಂಬಂತೆ ವಿಚಾರಿಸಿದಳು.

"ಅವ್ವಾ, ಬರೂ ಮುಂದ ಏರ್‌ಪೋರ್ಟಿನ್ಯಾಗ ಗಾಲಿ ಕುರ್ಚಿಮ್ಯಾಲ ಕುಂತಿದ್ದೆಲ್ಲ, ಏನೂ ತ್ರಾಸ ಆಗಲಿಲ್ಲಲ್ಲ?"

ಏನೂ ಆಗಲಿಲ್ಲ ಎಂದೆ. ಮಗಳಿಗೆ ನನ್ನ ಸುಖದುಃಖದ ಬಗ್ಗೆ ಎಷ್ಟು ಕಾಳಜಿ ಎಂದುಕೊಂಡೆ.

ಈ ವಿಮಾನ ನಿಲ್ದಾಣದ ಕುರ್ಚಿಯ ಬಗ್ಗೆ ನಾಲ್ಕು ಮಾತು ಹೇಳುವುದು ಅವಶ್ಯ. ನಮ್ಮ ಮಕ್ಕಳು ತಂದೆತಾಯಿಯರಿಗೆ ಟಿಕೆಟ್ ತೆಗೆಯುವಾಗ, ಕಾಲು ಗಟ್ಟಿಯಾಗಿದ್ದರೂ ಸರಿಯೆ, ಗಾಲಿ ಕುರ್ಚಿ ಬೇಕೆಂದು ನಮೂದಿಸಿಬಿಡುತ್ತಾರೆ. ನಡೆಯಲಾರರು ಎಂದಲ್ಲ, ದಾರಿ ತಪ್ಪಿಯಾರು ಎಂದು. ಕುರ್ಚಿಯಲ್ಲಿ ಕುಳಿತವರನ್ನು ನೂಕುವವರು ಒಂದು ವಿಮಾನದಿಂದ ಇನ್ನೊಂದು ವಿಮಾನದ ಬಾಗಿಲಿಗೆ ಮುಟ್ಟಿಸುತ್ತಾರೆ. ಇಂಗ್ಲಿಷ್ ಬೇಡ, ಫಲಕ ಓದುವುದು ಬೇಡ. ನಡುವಿನ ದೇಶದ ನಿಲ್ದಾಣದಲ್ಲಿ ಗೋಡೆಗುಂಟ ಸಾಲಾಗಿ ನಮ್ಮನ್ನು ನಿಲ್ಲಿಸಿದ್ದರು. ತೆಲುಗಿನವರು, ಗುಜರಾತಿನವರು, ಹಾಸನದವರೊಬ್ಬರು, ನಾನು. ಎಲ್ಲರ ಕಾಲುಗಳೂ ಚೆನ್ನಾಗಿದ್ದವು. ಯಾರಾದರೊಬ್ಬರು ಎದ್ದು ಶೌಚಾಲಯಕ್ಕೆ ಸರಸರನೆ ಹೋಗಿಬಂದು ಮತ್ತೆ ಕುಳಿತು ಮುಖವನ್ನು ತುಸು ಬಾಡಿಸಿಕೊಳ್ಳುತ್ತಿದ್ದರು. ನಮ್ಮ ಮುಂದಿನಿಂದ ಪ್ರಪಂಚವೆಲ್ಲ ನಡೆದುಹೋಗುತ್ತಿತ್ತು. ಯಾರೂ ನಮ್ಮ ಮುಖ ನೋಡುತ್ತಿರಲಿಲ್ಲ. ಕುಳಿತವರ ಎತ್ತರವೇ ಹಾಗೆ; ನಿಂತವರ ದೃಷ್ಟಿ ನಮ್ಮ ತಲೆಯ ಮೇಲಿನಿಂದ ದಾಟಿಹೋಗುತ್ತದೆ.

ಇರಲಿ. ಪ್ರವಾಸಕ್ಕೆ ಒಪ್ಪಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದೇ ನಿರ್ಧಾರ: ಯಾರಿಗೂ ಹೊರೆಯಾಗಬಾರದು. ಇವರು ನಡೆಯುವ ದಾರಿಯನ್ನೆಲ್ಲ ನಾನೂ ನಡೆಯಬೇಕು, ಇವರು ನಿಲ್ಲುವ ಪಾಳಿಯಲ್ಲೆಲ್ಲ ನಾನೂ ನಿಲ್ಲಬೇಕು. ವಿದ್ಯಾಳೊಂದಿಗೆ ಅಂಗಡಿಗೆ ಹೋದಾಗ ಸ್ವಂತ ಇಚ್ಛೆಯಿಂದ ಒಂದು ಜೊತೆ ನಡಿಗೆಯ ಬೂಟನ್ನು ಆರಿಸಿಕೊಂಡೆ. ಇಳಕಲ್ ಸೀರೆಯ ಕೆಳಗೆ ಬಿಳಿ ಬೂಟು, ಅದರ ಬದಿಗೆ ಕೇಸರಿ ಪಟ್ಟಿ. ಕನ್ನಡಿಯಲ್ಲಿ ನೋಡಿಕೊಂಡಾಗ ಸೊಂಟದ ಮೇಲೆ ಬೆಳವಡಿಯ ಹಳ್ಳಿಯವಳಂತೆಯೂ ಸೊಂಟದ ಕೆಳಗೆ ಒಲಿಂಪಿಕ್ಸಿಗೆ ಆಯ್ಕೆಯಾದವಳಂತೆಯೂ ಕಂಡೆ. ಮನೆಗಳ ನಡುವೆ ಇರುವ ಸಣ್ಣ ಕೆರೆಯ ಸುತ್ತ ದಿನವೂ ಬೆಳಿಗ್ಗೆ ನಡೆಯಲಾರಂಭಿಸಿದೆ. ಮೊದಮೊದಲು ಬಾತುಕೋಳಿಗಳು ಗಾಬರಿಯಾಗಿ ನೀರಿಗಿಳಿಯುತ್ತಿದ್ದವು, ಕ್ರಮೇಣ ದಾರಿ ಬಿಟ್ಟು ನಿಲ್ಲುವಷ್ಟು ಪರಿಚಯವಾಯಿತು. ನಡೆದದ್ದಾದ ಮೇಲೆ ಬೆಂಚಿನ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದನ್ನೂ ಅಭ್ಯಾಸ ಮಾಡಿದೆ. ಬೆಂಚಿದ್ದೂ ಕೂರದೆ ನಿಂತ ನನ್ನನ್ನು ನೋಡಿ, ನಾಯಿ ಹಿಡಿದುಕೊಂಡು ಬರುವ ಅಮೆರಿಕನ್ ಮುದುಕರೊಬ್ಬರು ಕ್ಷೇಮವೇ ಎಂದು ವಿಚಾರಿಸಿದರು. ಪಾಳಿಯಲ್ಲಿದ್ದೇನೆ ಎಂದು ಅವರಿಗೆ ಹೇಗೆ ವಿವರಿಸುವುದು. ಶನಿವಾರಗಳಂದು ಅನಿಕಾ ಜೊತೆಗೆ ಬರುತ್ತಿದ್ದಳು. ಅರ್ಧ ಸುತ್ತಿಗೇ ನನ್ನ ಸೆರಗು ಹಿಡಿದು ಎಳೆದು, "ಅಜ್ಜಿ, ಸ್ಲೋ ಡೌನ್" ಎನ್ನುತ್ತಿದ್ದಳು. ನನ್ನ ವಯಸ್ಸಿನಲ್ಲಿ ಇಂಥ ಮೆಚ್ಚುಗೆಯ ಪತ್ರ ಸುಲಭವಾಗಿ ದೊರೆಯುವಂಥದ್ದಲ್ಲ.

ದೀಪಾವಳಿ ಕಳೆದ ನಂತರದ ದೀರ್ಘ ವಾರಾಂತ್ಯದಲ್ಲಿ ನಾವೆಲ್ಲ ಡಾಲಸ್ಸಿಗೆ ಹೋದೆವು. ಅಲ್ಲಿ ಸುನಂದಾ ಇದ್ದಾಳೆ, ಹುಬ್ಬಳ್ಳಿಯ ಕಾಲೇಜಿನಲ್ಲಿ ವಿದ್ಯಾಳ ಸಹಪಾಠಿ. ಆಸ್ಟಿನ್ನಿನಿಂದ ಗಿರೀಶನೂ ಅಲ್ಲಿಗೇ ಬಂದ. ಸುನಂದಾಳ ಕುಟುಂಬ ಹಿಂದಿನ ಬೇಸಿಗೆಯಲ್ಲಿ ಅದೇ ಉದ್ಯಾನಕ್ಕೆ ಹೋಗಿಬಂದಿತ್ತು. ನಮ್ಮವರಿಗೆ ಅವಳೇ ಈ ವಿಷಯದಲ್ಲಿ ಸಕ್ಷಮ ಪ್ರಾಧಿಕಾರ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲ ಇದ್ದ ಊಟ. ಮೇಜಿನ ಇನ್ನೊಂದು ತುದಿಯಲ್ಲಿ ಅವಳ ಅತ್ತೆ ಗಂಗವ್ವನವರು ಕುಳಿತಿದ್ದರು. ನನಗಿಂತ ಸ್ವಲ್ಪ ಹಿರಿಯರು, ಗದಗಿನ ಕಡೆಯವರು, ಅಷ್ಟೂ ರೊಟ್ಟಿ ಆ ದಿನ ಬಡಿದವರು ಅವರೇ. ನಾನು ಮಾತಿಗೆಂದು, ನಿತ್ಯ ನಡೆಯುವ ಅಭ್ಯಾಸ ಮಾಡುತ್ತಿದ್ದೇನೆ, ಬೂಟೂ ಕೊಂಡಿದ್ದೇನೆ ಎಂದು ಹೇಳಿದೆ. ಸುನಂದಾ ನಕ್ಕಳು.

"ನಡ್ಯೂದು ಯಾಕ್ರಿ ಆಂಟಿ? ನೀವು ರಾಣಿ ಹಂಗ ಕುರ್ಚಿಮ್ಯಾಲ ಕುಂದ್ರೂದು. ನಿಮ್ಮ ಹಿಂದ ಇವರೆಲ್ಲಾ ಸೀದಾ ಒಳಗ. ನಾವೂ ಹಂಗ ಮಾಡಿದ್ವಿ, ಎಲ್ಲೂ ಪಾಳಿ ಇಲ್ಲ. ವಿದ್ಯಾ ಹೇಳಿಲ್ಲೇನು?"

ವಿದ್ಯಾ ಹೇಳಿರಲಿಲ್ಲ. ವಿದ್ಯಾ ಆಗ ನೀರಿನ ಲೋಟವನ್ನು ಎತ್ತಿ, ಕುಡಿಯದೆ, ಮತ್ತೆ ಇಟ್ಟಳು. ಸುಧೀರ್ ಶೇಂಗಾ ಹಿಂಡಿಯನ್ನು ಕಲೆಸುವುದರಲ್ಲಿ ತಲ್ಲೀನರಾದರು. ಗಿರೀಶ ಫೋನಿನತ್ತ ನೋಡಿದ. ಮೂವರೂ ಒಂದೇ ಗಳಿಗೆಯಲ್ಲಿ ಮೂರು ಕಡೆ ನೋಡಿದರೆ ಅದು ಒಂದು ಸಭೆಯ ನಿರ್ಣಯವೇ ಎಂಬುದನ್ನು ತಿಳಿಯಲಾರದಷ್ಟು ದಡ್ಡಳೇನೂ ನಾನಲ್ಲ. ಆ ಉದ್ಯಾನದಲ್ಲಿ ಆಗಿದ್ದ ಏರ್ಪಾಡನ್ನು ಸುನಂದಾ ವಿವರಿಸಿದಳು. ಗಾಲಿ ಕುರ್ಚಿಯಲ್ಲಿ ಕುಳಿತವರಿಗೆ ಪಾಳಿಯಿಲ್ಲ, ಬೇರೆ ಬಾಗಿಲು. ಅವರ ಜೊತೆಗೆ ಬಂದ ಮನೆಮಂದಿಗೂ ಅದೇ ಬಾಗಿಲು. ಕುರ್ಚಿಯನ್ನು ಬಾಗಿಲಲ್ಲೇ ಬಾಡಿಗೆಗೆ ಕೊಡುತ್ತಾರೆ, ಕಾರಣ ಕೇಳುವುದಿಲ್ಲ.

ಹಾಗಾದರೆ ನೀವು ಎಲ್ಲವನ್ನೂ ಬೇಗ ಬೇಗ ನೋಡಿದಿರಲ್ಲ ಎಂದು ನಾನು ಗಂಗವ್ವನವರನ್ನು ಕೇಳಿದೆ. ಅವರು ರೊಟ್ಟಿಯ ಬುಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತ, ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದರು.

"ಬಾಗಲಾತನಕಾ ನಾ, ಒಳಗ ಅವರು. ನಾ ಅದರಾಗ ಕುಂದ್ರಾಂಗಿಲ್ಲಲ್ರಿ, ತಲಿ ತಿರಗತೈತಿ. ಎಲ್ಲಾರ ಚೀಲಾ ನನ್ನ ತೊಡಿಮ್ಯಾಲ ಇಟ್ಟು ಹೋಗ್ತಿದ್ರು. ಏನು ನೋಡಿದ್ರಿ ಅಂತ ಕೇಳಿದ್ರ, ಚೀಲಾ ನೋಡೀನ್ರಿ."

ಎಲ್ಲರೂ ನಕ್ಕರು. ಗಂಗವ್ವನವರೂ ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ. ಆದರೆ ಹೊತ್ತಿದ ದೋಸೆಯ ರುಚಿ ಅಷ್ಟು ವಾರಗಳ ಬಳಿಕ ಅಂದು ನಾಲಿಗೆಗೆ ಬಂತು. 'ನೀ ಬರಲಿಲ್ಲಂದ್ರ ನಾವ್ಯಾರೂ ಹೋಗೂದಿಲ್ಲ.' ಮಾತು ಅಕ್ಷರಶಃ ನಿಜವಾಗಿತ್ತು. ನನ್ನ ಮಗ ಸುಳ್ಳು ಹೇಳುವವನಲ್ಲ.

ಡಾಲಸ್ಸಿನಿಂದ ಹ್ಯೂಸ್ಟನ್ನಿಗೆ ಬರುವ ಹೆದ್ದಾರಿ ನೇರವಾಗಿದೆ, ನೋಡಲು ಹೆಚ್ಚೇನೂ ಇಲ್ಲ. ಆದಕಾರಣ ನಾನು ದಾರಿಯುದ್ದಕ್ಕೂ ಕುರ್ಚಿಗಳ ಬಗ್ಗೆ ಯೋಚಿಸಿದೆ. ಸರ್ಕಾರಿ ನೌಕರರ ಜೀವನಚರಿತ್ರೆಯನ್ನು ಬರೆಯಲು ಬೇರೇನೂ ಬೇಡ, ಅವರು ಕುಳಿತ ಕುರ್ಚಿಗಳನ್ನು ಸಾಲಾಗಿ ಇಟ್ಟರೆ ಸಾಕು. ನಾನು ಸೇವೆಗೆ ಸೇರಿದಾಗ ದೊರೆತದ್ದು ಕೈಯಿಲ್ಲದ ಮರದ ಕುರ್ಚಿ. ಅದರ ಬೆತ್ತದ ಹೆಣಿಗೆ ಹರಿದು, ನಡುವೆ ನೈಲಾನ್ ದಾರ ಬಿಗಿದಿದ್ದರು. ಬಡ್ತಿ ಬಂದಾಗ ಕುರ್ಚಿಗೆ ಕೈಗಳು ಬಂದವು. ಇನ್ನೊಂದು ಬಡ್ತಿಗೆ ಮೆತ್ತೆ ಬಂತು. ಗಾಲಿಗಳಿರುವ ಕುರ್ಚಿ ಮಾತ್ರ ಸಾಹೇಬರದು. ಅದರ ಬೆನ್ನಿಗೆ ಬಿಳಿ ಟವೆಲ್ಲು. ಆ ಟವೆಲ್ಲಿನಿಂದ ಯಾವ ಸಾಹೇಬರೂ ಬೆವರು ಒರೆಸಿಕೊಂಡದ್ದನ್ನು ನಾನು ಕಂಡಿಲ್ಲ, ಅದು ಪದವಿಯ ಬಾವುಟ. ಸಾಹೇಬರು ಪ್ರವಾಸದಲ್ಲಿದ್ದಾಗ ಅವರ ಕೋಣೆಗೆ ಕಡತ ಇಡಲು ಹೋದವಳು ಆ ಕುರ್ಚಿಯನ್ನು ಬೆರಳಿನಿಂದ ಸ್ವಲ್ಪ ನೂಕಿ ನೋಡುತ್ತಿದ್ದೆ. ಅದು ಸದ್ದಿಲ್ಲದೆ ಅರ್ಧ ಸುತ್ತು ತಿರುಗಿ ನಿಲ್ಲುತ್ತಿತ್ತು. ಅಂಥದ್ದರಲ್ಲಿ ಒಂದು ದಿನವಾದರೂ ಕೂರುವ ಆಸೆ ಇತ್ತು. ಅದಕ್ಕೆ ಮೊದಲೇ ನಿವೃತ್ತಿಯ ಆದೇಶ ಬಂತು. ನೋಡಿ, ನಮ್ಮ ಆಸೆಗಳು ವ್ಯರ್ಥವಾಗುವುದಿಲ್ಲ. ಗಾಲಿಯ ಕುರ್ಚಿ ಕಡೆಗೂ ಮಂಜೂರಾಯಿತು, ಟವೆಲ್ಲಿನ ಬದಲು ತೊಡೆಯ ಮೇಲೆ ಚೀಲಗಳ ಸಮೇತ.

ಮನೆ ಸೇರಿದ ಮೇಲೆ ನಾನು ಏನೂ ಹೇಳಲಿಲ್ಲ. ಒಪ್ಪುವುದೂ ಇಲ್ಲ, ತಿರಸ್ಕರಿಸುವುದೂ ಇಲ್ಲ. ಕಡತವನ್ನು ಬಾಕಿ ಇರಿಸುವುದು ನಮ್ಮ ವೃತ್ತಿಯ ಅತ್ಯಂತ ಹಳೆಯ ವಿದ್ಯೆ. ವಿದ್ಯಾ ಆ ವಾರ ಎರಡು ಬಾರಿ ನನಗೆ ಇಷ್ಟವಾದ ಮೆಂತ್ಯದ ಕಡುಬು ಮಾಡಿದಳು. ನಾನು ಎರಡು ಬಾರಿಯೂ ತಿಂದೆ. ಬೆಳಗಿನ ನಡಿಗೆಯನ್ನು ಮಾತ್ರ ಬಿಡಲಿಲ್ಲ, ಬದಲಾಗಿ ಇನ್ನೊಂದು ಸುತ್ತು ಹೆಚ್ಚಿಸಿದೆ.  ಕೂರಿಸಲು ನಿಶ್ಚಯಿಸಿದವರ ಮನೆಯಲ್ಲಿ ನಡೆಯುವುದೂ ಒಂದು ಬಗೆಯ ಜವಾಬು.

ಒಬ್ಬಳೇ ಸುತ್ತುವಾಗ ಅವರ ಪರವಾಗಿಯೂ ವಾದಿಸಿ ನೋಡಿದೆ. ಟಿಪ್ಪಣಿ ಬರೆಯುವವರು ಎರಡೂ ಪಕ್ಷವನ್ನು ದಾಖಲಿಸಬೇಕು. ಇವರೇನು ದುಷ್ಟರಲ್ಲ. ವರ್ಷವಿಡೀ ರಸ್ತೆಯಲ್ಲಿ, ಕಚೇರಿಯಲ್ಲಿ, ವೀಸಾದಲ್ಲಿ, ಗ್ರೀನ್ ಕಾರ್ಡಿನಲ್ಲಿ ಪಾಳಿ ಹಚ್ಚಿ ಬೇಸತ್ತವರು; ವಾರದ ಮಟ್ಟಿಗಾದರೂ ಪಾಳಿಯಿಲ್ಲದ ಬಾಗಿಲೊಂದು ಕಂಡರೆ ಯಾರ ಕಾಲು ಅತ್ತ ಹೊರಳುವುದಿಲ್ಲ. ಅಲ್ಲದೆ ಅವ್ವನನ್ನು ಕೂರಿಸಿ ನೂಕುವುದು ಅವ್ವನಿಗೆ ಸುಖವೆಂದೇ ಅವರು ನಂಬಿರಲೂಬಹುದು. ಹೀಗೆಲ್ಲ ಬರೆದುಕೊಂಡು ಕೊನೆಗೆ ಷರಾ ಹಾಕುವ ಜಾಗಕ್ಕೆ ಬಂದರೆ ಪೆನ್ನು ನಿಲ್ಲುತ್ತಿತ್ತು. ಕೇಳಬಹುದಿತ್ತಲ್ಲ. ಒಂದು ಮಾತು ಕೇಳಿದ್ದರೆ ನಾನೇ ಹೋಗಿ ಕುಳಿತುಬಿಡುತ್ತಿದ್ದೆನೋ ಏನೋ.

ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯುವ ಹೊತ್ತಿಗೆ ಒಂದು ತಿದ್ದುಪಡಿ ಹೊರಬಿತ್ತು. ಕುರ್ಚಿಯ ಬಾಡಿಗೆ ವಿಚಾರಿಸಲು ವಿದ್ಯಾ ಉದ್ಯಾನಕ್ಕೆ ಫೋನು ಮಾಡಿದಾಗ ತಿಳಿದುಬಂದದ್ದೇನೆಂದರೆ, ಹಳೆಯ ನಿಯಮವನ್ನು ಬದಲಾಯಿಸಿದ್ದಾರೆ. ಇನ್ನು ಮುಂದೆ ಕುರ್ಚಿಯಲ್ಲಿ ಕುಳಿತವರೂ ಎಲ್ಲರಂತೆ ಪಾಳಿಯಲ್ಲೇ ಬರಬೇಕು. ನಿಜವಾಗಿಯೂ ಕಾಯಲಾರದವರಿಗೆ ಬೇರೆ ಏರ್ಪಾಡು ಉಂಟು, ಅದಕ್ಕೆ ಅಲ್ಲಿಯವರೊಂದಿಗೆ ಮಾತನಾಡಿ ತೊಂದರೆ ಏನೆಂಬುದನ್ನು ತಿಳಿಸಬೇಕು. ಆಗಲೂ ಇಂಥ ವೇಳೆಗೆ ಬನ್ನಿ ಎಂದು ಹೇಳಿ ಕಳಿಸುತ್ತಾರೆ.  ಮನೆಯಲ್ಲಿ ಯಾರಿಗೋ ಮೈ ಹುಷಾರಿಲ್ಲದಂಥ ವಾತಾವರಣ. ನಾನು ಹುಷಾರಾಗಿಯೇ ಇದ್ದೇನಲ್ಲ ಎಂಬುದೇ ತೊಂದರೆ ಎಂದು ನನಗೆ ಹೊಳೆಯಲು ತಡವಾಗಲಿಲ್ಲ.

ತಿದ್ದುಪಡಿಗಳ ಸ್ವಭಾವವನ್ನು ನಾನು ಬಲ್ಲೆ. ಒಂದು ಪದ ತೆಗೆದುಹಾಕಿದರೆ ಆ ಪದವನ್ನು ನೆಚ್ಚಿ ನಿಂತಿದ್ದ ಹೆಸರುಗಳು ತಾವಾಗಿ ಉದುರುತ್ತವೆ. ಯಾರೂ ಯಾರನ್ನೂ ಕೈಬಿಟ್ಟಂತೆ ಕಾಣುವುದಿಲ್ಲ. ಆದ್ದರಿಂದ ಮುಂದಿನ ಭಾನುವಾರದ ಸಭೆಗೆ ನಾನು ಸಿದ್ಧಳಾಗಿಯೇ ಇದ್ದೆ. ವಿಮಾನದ ಟಿಕೆಟ್ ಅಂದೇ ತೆಗೆಯಬೇಕಿತ್ತು. ಫೋನು ಕಟ್ಟೆಯ ಮೇಲೆ ಮಲಗಿತ್ತು, ಕಾವಲಿ ಕಾಯುತ್ತಿತ್ತು, ಅನಿಕಾ ಎತ್ತರದ ಸ್ಟೂಲಿನ ಮೇಲೆ ಕುಳಿತು ಕಾಲು ಆಡಿಸುತ್ತಿದ್ದಳು. ಮೊದಲು ಹವಾಮಾನ, ಆಮೇಲೆ ಹೋಟೆಲು. ಗಿರೀಶನ ದನಿ ಬಹಳ ಮೆತ್ತಗೆ ಬಂತು.

"ಅವ್ವಾ, ಅಲ್ಲೆ ಭಾಳ ನಡ್ಯಾಕ ಇರತೈತಿ. ದಿನಾ ಪೂರ್ತಿ ನಿಂತ ಇರಬೇಕು. ನಿನ್ನ ಮೊಣಕಾಲಿಗೆ ತ್ರಾಸ ಆಗತೈತಿ. ನೀ ಡಾಲಸ್‌ನಾಗ ಸುನಂದಾನ ಮನ್ಯಾಗ ಆರಾಮ ಇರು, ಗಂಗವ್ವಾರೂ ಅದಾರ."

"ನನ್ನ ಮೊಣಕಾಲಿಗೆ ಏನಾಗೈತಿ?" ಎಂದೆ.

 ವಿದ್ಯಾ, ಹಾಗಲ್ಲ, ವಯಸ್ಸಾಯಿತಲ್ಲ, ಮುನ್ನೆಚ್ಚರಿಕೆ ಎಂದು ಏನೇನೋ ಸೇರಿಸಿದಳು. ಅಷ್ಟರಲ್ಲಿ ಸ್ಟೂಲಿನ ಮೇಲಿನಿಂದ ಅನಿಕಾ, ಲೆಕ್ಕ ತಪ್ಪಿದವರನ್ನು ತಿದ್ದುವಂತೆ ಹೇಳಿದಳು.

"ಬಟ್ ಅಜ್ಜಿ ವಾಕ್ಸ್ ಫಾಸ್ಟರ್ ದ್ಯಾನ್ ಡ್ಯಾಡ್."

ಸುಧೀರ್ ಕೆಮ್ಮಿದರು. ನಾನು ಕಾವಲಿಯ ಕೆಳಗಿನ ಉರಿಯನ್ನು ಆರಿಸಿದೆ. ನನ್ನ ಸೇವಾವಧಿಯಲ್ಲಿ ಮೇಲಧಿಕಾರಿಗಳಿಗೆ ನೇರವಾಗಿ ಪ್ರಶ್ನೆ ಹಾಕಿದವಳಲ್ಲ. ಎಲ್ಲವನ್ನೂ ಬರಹದಲ್ಲಿ, ವಿನಯಪೂರ್ವಕವಾಗಿ, ಸೂಕ್ತ ಮಾರ್ಗದ ಮೂಲಕವೇ ಕಳಿಸಿದವಳು. ಅಂದು ಮಾತ್ರ ಯಾವ ಮಾರ್ಗವೂ ನೆನಪಾಗಲಿಲ್ಲ. ಮಲಗಿದ್ದ ಫೋನಿನ ಹತ್ತಿರ ಬಾಗಿ ಕೇಳಿದೆ.

"ಕುರ್ಚಿ ಕೆಲಸಕ್ಕ ಬರೂದಿಲ್ಲ ಅಂದಕೂಡ್ಲೆ ನಾನೂ ಬ್ಯಾಡಾದ್ನೇನು?"

ಈ ದೇಶದ ಅಡುಗೆಮನೆಗಳಲ್ಲಿ ಫ್ರಿಜ್ಜಿನ ಸದ್ದು ಇಷ್ಟು ದೊಡ್ಡದೆಂದು ಅದುವರೆಗೆ ನನಗೆ ತಿಳಿದಿರಲಿಲ್ಲ. ಅನಿಕಾಳ ಕಾಲು ಆಡುವುದು ನಿಂತಿತು. ವಿದ್ಯಾ ನನ್ನ ಕಡೆ ನೋಡಲಿಲ್ಲ, ಕಟ್ಟೆಯ ಮೇಲಿದ್ದ ಹಿಟ್ಟಿನ ಹನಿಯೊಂದನ್ನು ಬೆರಳಿನಿಂದ ಒರೆಸುತ್ತಲೇ ಇದ್ದಳು. ಅದು ಹೋದ ಮೇಲೂ ಒರೆಸುತ್ತಿದ್ದಳು. ಆಸ್ಟಿನ್ನಿನಿಂದ ಗಿರೀಶನ ದನಿ ಬಂತು. ಕ್ಷಮೆ ಇರಲಿಲ್ಲ, ವಿವರಣೆಯೂ ಇರಲಿಲ್ಲ.

"ವಿದ್ಯಾ, ಆರು ಟಿಕೆಟ್ ತಗಿ."

ಅಷ್ಟೆ. ಅಂದಿನ ಸಭೆ ಮುಕ್ತಾಯವಾಯಿತು.

ನನ್ನ ಹೆಸರು ಸೇರ್ಪಡೆಯಾಯಿತು ಎಂದು ಸಂತೋಷಪಡಬೇಕೇ ಬೇಡವೇ ಎಂಬುದನ್ನು ಈ ಬರಹ ಬರೆಯುವ ತನಕವೂ ನಾನು ತೀರ್ಮಾನಿಸಿಲ್ಲ. ಆ ಮಾತು ಪ್ರೀತಿಯಿಂದ ಬಂತೋ, ನಾಚಿಕೆ ತಾಳಲಾರದೆ ಬಂತೋ, ವಿದ್ಯಾಳ ಎದುರಿಗೆ, ಮಗುವಿನ ಎದುರಿಗೆ ಬೇರೇನೂ ಹೇಳಲಾಗದೆ ಬಂತೋ, ನನಗೆ ಗೊತ್ತಿಲ್ಲ. ಅವನನ್ನು ಕೇಳಿಯೂ ಇಲ್ಲ. ವರ್ಷಗಟ್ಟಲೆ ಆದೇಶಗಳ ಕರಡು ಬರೆದವಳಾಗಿ ಇಷ್ಟನ್ನು ಹೇಳಬಲ್ಲೆ: ಸಹಿ ಮಾಡುವ ಗಳಿಗೆಯಲ್ಲಿ ಸಾಹೇಬರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ವಿಚಾರಿಸುವುದಿಲ್ಲ. ಹೆಂಡತಿಯೊಂದಿಗೆ ಜಗಳವಾಡಿ ಬಂದಿದ್ದರೂ, ಊಟಕ್ಕೆ ಏಳುವ ಅವಸರದಲ್ಲಿದ್ದರೂ, ಆದೇಶ ಆದೇಶವೇ. ಅದನ್ನು ಹಿಡಿದುಕೊಂಡು ಎಷ್ಟೋ ಜನ ಪಿಂಚಣಿ ಪಡೆದು ಬಾಳಿದ್ದಾರೆ. ಮನಸ್ಸನ್ನು ಹುಡುಕಲು ಹೋದವರ ಕಡತಗಳು ಇನ್ನೂ ಬಾಕಿ ಇವೆ.

ಆ ದಿನ ಸಂಜೆ ವಿದ್ಯಾ ಲ್ಯಾಪ್‌ಟಾಪಿನ ಮುಂದೆ ಕುಳಿತು ಟಿಕೆಟ್ ತೆಗೆಯುತ್ತಿದ್ದಳು. ಬೆಳಗಿನಿಂದ ನನ್ನೊಂದಿಗೆ ಅಗತ್ಯಕ್ಕಿಂತ ಹೆಚ್ಚು ಎಚ್ಚರಿಕೆಯಿಂದ ಮಾತನಾಡುತ್ತಿದ್ದಳು, ತುಂಬಿದ ಪಾತ್ರೆಯನ್ನು ಒಯ್ಯುವವರ ಹಾಗೆ. ನನ್ನ ಹೆಸರನ್ನು ತುಂಬಿದ ಮೇಲೆ ಅವಳ ಬೆರಳು ನಿಂತಿತು. ಅಭ್ಯಾಸಬಲ, ಕೇಳಬಾರದಿತ್ತೆಂದು ಕೇಳಿದ ಮೇಲೆ ಅವಳಿಗೇ ಅನ್ನಿಸಿರಬೇಕು.

"ಏರ್‌ಪೋರ್ಟಿಗೆ ವೀಲ್‌ಚೇರ್ ಹಾಕ್ಲೇನವ್ವಾ?"

"ಬ್ಯಾಡ. ಮತ್ತ ಇನ್ನೊಂದು ಮಾತು. ಎಲ್ಲಾರೂ ತಮ್ಮ ತಮ್ಮ ಚೀಲಾ ತಾವ ಹಿಡಕೋಬೇಕು."

ವಿದ್ಯಾ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮೂಗೊರೆಸಿಕೊಂಡಳು. ಶೀತವೆಂದಳು. ಶೀತವೆಂದೇ ದಾಖಲಿಸಿಕೊಂಡೆ.

ಪ್ರವಾಸಕ್ಕೆ ಇನ್ನೂ ಕೆಲವು ವಾರಗಳಿವೆ. ಸಭೆಗಳಲ್ಲಿ ಈಗಲೂ ಪಾಳಿಯ ಮಾತು ಬಂದಾಗ ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನಾನೊಬ್ಬಳು ಬಿಡುವುದಿಲ್ಲ. ರಾಟವಾಳ ಹತ್ತಿದರೆ ಗಂಗವ್ವನವರಂತೆ ನನಗೂ ತಲೆ ತಿರುಗಬಹುದು, ಮೂರು ನಿಮಿಷದ ಆ ಭಾಗ್ಯವನ್ನು ಇವರಿಗೇ ಬಿಟ್ಟುಕೊಡುತ್ತೇನೆ. ನನಗೆ ಬೇಕಾದದ್ದು ಅದರ ಹಿಂದಿನ ಗಂಟೆಗಳು. ಅಲ್ಲಿ ಮಗ ಗಾಡಿ ಓಡಿಸುತ್ತಿರುವುದಿಲ್ಲ, ಮಗಳು ಬಟ್ಟೆ ಮಡಿಸುತ್ತಿರುವುದಿಲ್ಲ; ಮುಂದೆ ಜನ, ಹಿಂದೆ ಜನ, ಎರಡು ಬದಿಗೂ ಹಗ್ಗ. ಅವ್ವನ ಪಕ್ಕದಲ್ಲಿ ನಿಲ್ಲದೆ ಇವರಿಗೆ ಗತ್ಯಂತರವಿಲ್ಲ. ಪ್ರೀತಿಯಿಂದ ನಿಲ್ಲುತ್ತಾರೋ ಹಗ್ಗದ ದೆಸೆಯಿಂದ ನಿಲ್ಲುತ್ತಾರೋ ನಾನು ವಿಚಾರಿಸುವುದಿಲ್ಲ. ಇಂದು ಬೆಳಿಗ್ಗೆಯೂ ಕೆರೆಯ ಬೆಂಚಿನ ಪಕ್ಕದಲ್ಲಿ ನಿಂತು ಅಭ್ಯಾಸ ಮಾಡಿ ಬಂದೆ. ಸೀಮೆಎಣ್ಣೆಯ ಅಂಗಡಿಯ ಮುಂದೆ ಚಪ್ಪಲಿಯನ್ನು ಬಿಟ್ಟು ಜನ ನೆರಳಿಗೆ ಹೋಗುತ್ತಿದ್ದರೆಂದು ಆಗಲೇ ನಿವೇದಿಸಿದ್ದೇನೆ. ನಾನೂ ಹಾಗೆ ಹೋದವಳೇ. ಈ ಬಾರಿ ಪಾಳಿಯಲ್ಲಿ ನನ್ನ ಬೂಟುಗಳು ನಿಂತಿರುವಾಗ, ಅವುಗಳ ಒಳಗೆ ನನ್ನ ಕಾಲುಗಳೂ ಇರುತ್ತವೆ ಎಂಬುದನ್ನು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಬಯಸುತ್ತೇನೆ.